ಅಂಗಿ ಮೇಲೆ ಗಿಡದ ಸೊನೆ ಬಿತ್ತಾ? ಸಾಬೂನು ಹಚ್ಚುವ ಮೊದಲು ಯಾವ ಗಿಡ ಅಂತ ನೋಡಿ

ಯುವ ರೈತ ಮಿತ್ರರೇ, ಈ ವಾರ ಗೊಬ್ಬರ, ಔಷಧಿ, ರೇಟು ಎಲ್ಲ ಸ್ವಲ್ಪ ಬದಿಗಿಟ್ಟು ಮೈಮೇಲಿನ ಅಂಗಿ ಬಗ್ಗೆ ಮಾತಾಡೋಣ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬಿನ ಜೊತೆಗೆ ಬಾಳೆ, ದಾಳಿಂಬೆ, ಅರಿಷಿಣ, ಚಿಕ್ಕು, ಪಪ್ಪಾಯಿ ಎಲ್ಲ ಇದೆ. ಬದುವಿನ ಮೇಲೆ ಬೇವು, ಜಾಲಿ ಅಂತೂ ಇದ್ದೇ ಇರುತ್ತವೆ. ಇವುಗಳಲ್ಲಿ ಕೆಲಸ ಮಾಡಿದವರ ಬಟ್ಟೆಗೆ ಕಲೆ ತಪ್ಪಿದ್ದಲ್ಲ. "ಏನ್ ಮಾಡಿದ್ರೂ ಹೋಗವಲ್ದು, ಹೊಲಕ್ಕ ಹಾಕ್ಕೊಳ್ಳಾಕ ಇಡು" ಅಂತ ಒಳ್ಳೇ ಅಂಗಿಯನ್ನು ಮೂಲೆಗೆ ಎಸೆಯೋದು ಎಲ್ಲರ ಮನೆಯಲ್ಲೂ ಇದೆ. ಗೊನೆ ಹೊರಲು ಬರುವ ಕೂಲಿ ಕಾರ್ಮಿಕರಿಗೆ, ಕಂದು ತೆಗೆಯಲು ಬರುವ ಹೆಣ್ಣುಮಕ್ಕಳಿಗೆ ಒಂದು ಅಂಗಿ, ಒಂದು ಸೀರೆ ಹಾಳಾದರೆ ಆ ದಿನದ ಕೂಲಿಯ ದೊಡ್ಡ ಪಾಲು ಹೋದಂತೆಯೇ.

ಹೆಚ್ಚಿನ ಸಲ ಆ ಬಟ್ಟೆ ಹಾಳಾಗುವುದು ಕಲೆಯಿಂದಲ್ಲ, ಕಲೆ ತೆಗೆಯಲು ನಾವು ಮಾಡುವ ಮೊದಲ ಕೆಲಸದಿಂದ. ಎಲ್ಲ ಕಲೆಗೂ ಒಂದೇ ಮದ್ದು ಅಂತ ಬಿಸಿನೀರು, ಬಾರ್ ಸಾಬೂನು, ಬ್ರಷ್ ಹಿಡಿಯುತ್ತೇವೆ. ಒಂದು ಗಿಡದ ಕಲೆ ಅದರಿಂದ ಹೋಗುತ್ತದೆ, ಇನ್ನೊಂದು ಗಿಡದ ಕಲೆ ಅದರಿಂದಲೇ ಗಟ್ಟಿಯಾಗುತ್ತದೆ.

ಮೂರು ಜಾತಿಯ ಕಲೆ: ಅಂಟು, ಹಾಲು, ಒಗರು

ಗಿಡದಿಂದ ಬರುವ ರಸಕ್ಕೆಲ್ಲ ಸೊನೆ ಅಂತೀವಿ. ಬಟ್ಟೆಯ ಲೆಕ್ಕದಲ್ಲಿ ಅದು ಮೂರು ಬೇರೆ ಬೇರೆ ವಸ್ತು.

1. ಅಂಟು: ಬೇವು, ಜಾಲಿ ಗಿಡದ ತೊಗಟೆಯಿಂದ ಒಸರಿ ಜೇನಿನ ಬಣ್ಣದಲ್ಲಿ ಗಟ್ಟಿಯಾಗುವುದು. ಇದು ಸಕ್ಕರೆಯ ಸಂಬಂಧಿ, ನೀರಿಗೆ ಕರಗುತ್ತದೆ. ಅಮೀನಗಡದ ಕರದಂಟಿನಲ್ಲಿ, ಬಾಣಂತಿಯರ ಉಂಡಿಯಲ್ಲಿ ಹಾಕುವ ತಿನ್ನುವ ಅಂಟು ಕೂಡ ಗಿಡದ ಅಂಟೇ.

2. ಹಾಲು ಮತ್ತು ಎಣ್ಣೆಸೊನೆ: ಚಿಕ್ಕು, ಹಲಸು, ಆಲ, ಅತ್ತಿಯ ಬಿಳಿ ಹಾಲು, ಮಾವಿನ ತೊಟ್ಟಿನ ಸೊನೆ. ಇವುಗಳಲ್ಲಿ ರಬ್ಬರು, ರಾಳ ಅಥವಾ ಎಣ್ಣೆಯ ಅಂಶ ಇರುತ್ತದೆ. ಬರೀ ನೀರಿಗೆ ಬಗ್ಗುವುದಿಲ್ಲ.

3. ಒಗರು: ಬಾಳೆಯ ರಸ, ದಾಳಿಂಬೆ ಸಿಪ್ಪೆಯ ರಸ. ಬಾಯಿಗೆ ಒಗರು ಅನ್ನಿಸುವ ಟ್ಯಾನಿನ್ ಎಂಬ ಅಂಶವೇ ಬಟ್ಟೆಗೆ ಕಂದು, ಕಪ್ಪು ಬಣ್ಣ ಕೊಡುವುದು. ಇದು ಅಂಟುವುದಿಲ್ಲ, ಬಣ್ಣ ಹಿಡಿಯುತ್ತದೆ.

ಯಾವ ಗಿಡದ್ದು ಅಂತ ಗೊತ್ತಿಲ್ಲದಿದ್ದರೆ? ಕಲೆಯ ಮೇಲೆ ನಾಲ್ಕು ಹನಿ ತಣ್ಣೀರು ಹಾಕಿ, 5 ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ. ಲೋಳೆಯಂತೆ ಜಾರಿದರೆ ಅಂಟು. ನೀರು ಹಾಕಿದರೂ ಹಾಗೇ ಜಿಗಿಜಿಗಿ ಇದ್ದರೆ ಹಾಲು ಅಥವಾ ರಾಳ. ಕೈಗೆ ಏನೂ ಅಂಟದೆ ಬರೀ ಕಂದು ಬಣ್ಣ ಕಂಡರೆ ಒಗರು.

ಬಾಳೆ ಕಲೆ: ಕೊಳೆ ಅಲ್ಲ, ಬಣ್ಣ

ಕಷ್ಟದ ಕಲೆ ಇದೇ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಂದು ಕೊಯ್ದಾಗ, ಎಲೆ ಕತ್ತರಿಸಿದಾಗ, ಗೊನೆ ಕಡಿದಾಗ ಸುರಿಯುವ ರಸ ನೋಡಲು ನೀರಿನಂತೆಯೇ ಇರುತ್ತದೆ. "ನೀರು ಬಿತ್ತು, ಒಣಗತೈತಿ ಬಿಡು" ಅಂತ ಬಿಡುತ್ತೇವೆ. ಮರುದಿನ ನೋಡಿದರೆ ಕಂದು ಕಲೆ, ಒಗೆದ ಮೇಲೆ ಇನ್ನೂ ಕಪ್ಪು.

ಕಾರಣ ಇಷ್ಟೇ. ಕೊಯ್ದಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಅದೇ ಕ್ರಿಯೆ ಬಟ್ಟೆಯ ಎಳೆಯ ಒಳಗೆ ನಡೆಯುತ್ತದೆ. ರಸದಲ್ಲಿರುವ ಒಗರಿನ ಅಂಶ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಣ್ಣವಾಗುತ್ತದೆ, ಹತ್ತಿಯ ಎಳೆಗೆ ಕಚ್ಚಿಕೊಳ್ಳುತ್ತದೆ. ಬಣ್ಣ ಹಾಕುವವರು ಹತ್ತಿ ಬಟ್ಟೆಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ನೆನೆಸುವ ಪದ್ಧತಿ ಹಳೆಯದು. ದಾಳಿಂಬೆ ಸಿಪ್ಪೆಯಿಂದಲೂ ಬಣ್ಣ ತೆಗೆಯುತ್ತಾರೆ. ಅವರಿಗೆ ಬೇಕಾದದ್ದೂ ಇದೇ ಒಗರು. ಅವರು ಬೇಕು ಅಂತ ಮಾಡುವುದನ್ನು ನಾವು ಗೊತ್ತಿಲ್ಲದೆ ಅಂಗಿಗೆ ಮಾಡಿಕೊಳ್ಳುತ್ತೇವೆ.

ಈ ಒಗರಿಗೆ ಕಬ್ಬಿಣ ಸೇರಿದರೆ ಬಣ್ಣ ಕಡುಗಪ್ಪು. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಹೀಗೆ. ಆದ್ದರಿಂದ ತುಕ್ಕು ಹಿಡಿದ ಬಕೆಟ್ ಮತ್ತು ಕೆಂಪು ತುಕ್ಕು ಬಿಡುವ ಬೋರ್‌ವೆಲ್ ನೀರಿನಲ್ಲಿ ಬಾಳೆ ಕಲೆಯ ಬಟ್ಟೆ ನೆನೆಸಬೇಡಿ. ಪ್ಲಾಸ್ಟಿಕ್ ಬಕೆಟ್, ನಳದ ನೀರು ಅಥವಾ ಕುಡಿಯುವ ನೀರು ಬಳಸಿ.

ಇನ್ನು ಸಾಬೂನು. ಅರಿಷಿಣದ ಕಲೆಗೆ ಬಾರ್ ಸಾಬೂನು ತಿಕ್ಕಿದ ಕೂಡಲೇ ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಸಾಬೂನು ಕ್ಷಾರ, ಅರಿಷಿಣದ ಬಣ್ಣ ಕ್ಷಾರಕ್ಕೆ ಬದಲಾಗುತ್ತದೆ. ಬಾಳೆ ರಸವೂ ಕ್ಷಾರ ತಾಗಿದರೆ ಬೇಗ ಕಪ್ಪಾಗುತ್ತದೆ. ವ್ಯತ್ಯಾಸ ಏನೆಂದರೆ, ಅರಿಷಿಣದ ಕಲೆ ಬಿಸಿಲಿಗೆ ಹಾಕಿದರೆ ತಾನೇ ಮಾಸುತ್ತದೆ, ಬಾಳೆ ಕಲೆ ಹಾಗೆ ಮಾಸುವುದಿಲ್ಲ. ಆದ್ದರಿಂದ ಬಾಳೆ ಕಲೆಗೆ ಮೊದಲು ಬಾರ್ ಸಾಬೂನು, ವಾಷಿಂಗ್ ಸೋಡಾ ಹಚ್ಚಲೇಬಾರದು.

ಹಸಿ ಕಲೆ ಇದ್ದರೆ, ಹೊಲದಲ್ಲೇ ಮಾಡಬೇಕಾದದ್ದು

* ರಸ ಬಿದ್ದ ಕೂಡಲೇ ಬಾಟಲಿ ನೀರು ಸುರಿದು ಹಿಂಡಿ. ಎರಡು-ಮೂರು ಸಲ ಮಾಡಿ.
* ಅರ್ಧ ಲಿಂಬಿಹಣ್ಣು ಹಿಂಡಿ ಕಲೆಯ ಮೇಲೆ ಹಚ್ಚಿ. ಹುಳಿಯಿಂದ ಕಪ್ಪಾಗುವ ಕ್ರಿಯೆ ನಿಧಾನವಾಗುತ್ತದೆ. ಲಿಂಬಿ ಇಲ್ಲದಿದ್ದರೆ ಮನೆಗೆ ಬಂದ ಮೇಲೆ ವಿನೆಗರ್ ಆದರೂ ಆಗುತ್ತದೆ, 1 ಲೀಟರ್ ನೀರಿಗೆ 4 ಚಮಚ.
* ಬಟ್ಟೆ ಒಣಗಲು ಬಿಡಬೇಡಿ. ಮನೆಗೆ ಹೋಗುವುದು ತಡವಾದರೆ ಅಂಗಿ ಬದಲಿಸಿ, ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.
* ಮನೆಯಲ್ಲಿ ತಣ್ಣೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಆಮೇಲೆ ಬಾರ್ ಬದಲು ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್‌ನಲ್ಲಿ ಒಗೆಯಿರಿ.
* ಕಲೆ ಪೂರ್ತಿ ಹೋಗಿದೆ ಅಂತ ಖಾತ್ರಿ ಆಗುವವರೆಗೆ ಇಸ್ತ್ರಿ ಮಾಡಬೇಡಿ. ಬಿಸಿ ತಾಗಿದರೆ ಉಳಿದ ಕಲೆ ಅಲ್ಲೇ ಕೂರುತ್ತದೆ.

ಒಣಗಿ ಕಂದಾಗಿದ್ದರೆ

ಈಗ ಲಿಂಬಿಹಣ್ಣು ಮಾತ್ರ ಸಾಲದು. ಬಣ್ಣ ಆಗಿಹೋಗಿದೆ, ಅದನ್ನು ಒಡೆಯಬೇಕು.

ಹತ್ತಿ ಮತ್ತು ಟೆರಿಕಾಟ್ ಅಂಗಿಗೆ ಆಕ್ಸಿಜನ್ ಬ್ಲೀಚ್ ಒಳ್ಳೆಯದು. ಕಲೆ ತೆಗೆಯುವ ಪುಡಿಯ ಪಾಕೀಟಿನ ಮೇಲೆ ಸೋಡಿಯಂ ಪರ್‌ಕಾರ್ಬನೇಟ್ ಅಂತ ಬರೆದಿದೆಯಾ ನೋಡಿ. ಕೈ ತಾಳುವಷ್ಟು ಬಿಸಿನೀರಿನಲ್ಲಿ, ಪಾಕೀಟಿನ ಮೇಲೆ ಹೇಳಿದ ಅಳತೆಯಲ್ಲಿ ಕರಗಿಸಿ 1ರಿಂದ 2 ಗಂಟೆ ನೆನೆಸಿ. ಅಗತ್ಯವಿದ್ದರೆ ಇನ್ನೊಮ್ಮೆ ಮಾಡಿ. ಪುಡಿ ಸಿಗದಿದ್ದರೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಬಾಟಲಿ ಮೇಲೆ 6% ಅಂತ ಇದ್ದರೆ ಅಷ್ಟೇ ನೀರು ಬೆರೆಸಿ. ಕಲೆಯ ಮೇಲೆ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯಲ್ಲಿ ಪರೀಕ್ಷಿಸಿ.

ಬಿಳಿ ಹತ್ತಿ ಧೋತರ, ಬಿಳಿ ಬನಿಯನ್‌ಗೆ ಮಾತ್ರ ಕ್ಲೋರಿನ್ ಬ್ಲೀಚ್ ಬಳಸಬಹುದು. ಅದೂ ತಣ್ಣೀರಿನಲ್ಲಿ ತೆಳುವಾಗಿ, ಸ್ವಲ್ಪ ಹೊತ್ತು ಮಾತ್ರ.

ನಾಲ್ಕಾರು ಸಲ ಒಗೆದು, ಇಸ್ತ್ರಿ ಮಾಡಿ, ತಿಂಗಳುಗಟ್ಟಲೆ ಹಳೆಯದಾದ ಬಾಳೆ ಕಲೆ ಪೂರ್ತಿ ಹೋಗುವುದಿಲ್ಲ, ತೆಳುವಾಗಬಹುದು ಅಷ್ಟೇ. "ಒಂದೇ ನಿಮಿಷದಲ್ಲಿ ಮಾಯ" ಅನ್ನುವ ವಿಡಿಯೋ ನೋಡಿ ದುಡ್ಡು ಹಾಕಬೇಡಿ. ಆ ಅಂಗಿಯನ್ನು ಬಾಳೆ ತೋಟದ ಅಂಗಿ ಅಂತಲೇ ಇಟ್ಟುಕೊಳ್ಳಿ.

ಬೇವು, ಜಾಲಿಯ ಅಂಟು: ನೀರು ಮತ್ತು ತಾಳ್ಮೆ

ಬೇವಿನ ನೆರಳಿಗೆ ಬೈಕ್ ನಿಲ್ಲಿಸಿ ಮಧ್ಯಾಹ್ನ ಬಂದು ಕುಳಿತರೆ ಪ್ಯಾಂಟಿಗೆ ಅಂಟು. ಇದು ಸುಲಭದ ಕಲೆ. ಗಟ್ಟಿಯಾದ ತುಣುಕನ್ನು ಚಮಚದ ಅಂಚಿನಿಂದ ಎತ್ತಿ ತೆಗೆಯಿರಿ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅಂಟು ಉಬ್ಬಿ ಲೋಳೆಯಾಗುತ್ತದೆ, ಆಮೇಲೆ ಸಾಮಾನ್ಯ ಒಗೆತ ಸಾಕು. ನೆನೆಯುವ ಮೊದಲೇ ಬ್ರಷ್ ಹಾಕಿ ತಿಕ್ಕಿದರೆ ಅಂಟು ಎಳೆಯ ಒಳಗೆ ಹೋಗುತ್ತದೆ, ಬಟ್ಟೆಯ ಎಳೆಯೂ ಕಿತ್ತು ಬರುತ್ತದೆ. ಇದಕ್ಕೆ ಪೆಟ್ರೋಲ್, ಸ್ಪಿರಿಟ್ ಹಾಕಿ ಉಪಯೋಗವಿಲ್ಲ.

ನುಗ್ಗೆಯ ಅಂಟು ಕರಗುವುದಕ್ಕಿಂತ ಉಬ್ಬುವುದೇ ಹೆಚ್ಚು. ಇನ್ನಷ್ಟು ಹೊತ್ತು ನೆನೆಸಿ. ಕಬ್ಬಿನ ಹಾಲಿನ ಜಿಗಿ, ಹೇನು ಬಿದ್ದ ಗಿಡದ ಎಲೆಯಿಂದ ಹತ್ತುವ ಸಿಹಿ ಜಿಗಿ ಇವೆಲ್ಲ ಬರೀ ಸಕ್ಕರೆ, ನೀರಿಗೆ ತಾನಾಗಿ ಹೋಗುತ್ತವೆ.

ಚಿಕ್ಕು, ಮಾವು: ಎಣ್ಣೆಗೆ ಎಣ್ಣೆಯೇ ಮದ್ದು

ಚಿಕ್ಕು ಗಿಡದ ಹಾಲು ಎಷ್ಟು ಜಿಗಿ ಅಂದರೆ, ಅಮೆರಿಕದಲ್ಲಿ ಹಿಂದೆ ಚೂಯಿಂಗ್ ಗಮ್ ಮಾಡುತ್ತಿದ್ದದ್ದು ಮೆಕ್ಸಿಕೋ ಕಡೆಯ ಚಿಕ್ಕು ಮರದ ಹಾಲಿನಿಂದ. ಆದ್ದರಿಂದ ಬಟ್ಟೆಗೆ ಚೂಯಿಂಗ್ ಗಮ್ ಅಂಟಿದರೆ ಏನು ಮಾಡುತ್ತೀರೋ ಅದನ್ನೇ ಮಾಡಿ.

* ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ 1 ಗಂಟೆ ಫ್ರೀಜರ್‌ನಲ್ಲಿ ಇಡಿ, ಇಲ್ಲವೇ ಐಸ್ ತುಂಡು ಒತ್ತಿ ಹಿಡಿಯಿರಿ. ಗಟ್ಟಿಯಾದ ಮೇಲೆ ಮೊಂಡು ಚಾಕುವಿನಿಂದ ಕೆರೆದು ತೆಗೆಯಿರಿ.
* ಉಳಿದ ಜಿಗಿಗೆ ಕೊಬ್ಬರಿ ಎಣ್ಣೆ ಅಥವಾ ಶೇಂಗಾ ಎಣ್ಣೆ ಹಚ್ಚಿ 15 ನಿಮಿಷ ಬಿಡಿ. ರಾಳ ಸಡಿಲವಾಗುತ್ತದೆ.
* ಈಗ ಎಣ್ಣೆ ತೆಗೆಯಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಮೆತ್ತಗೆ ಉಜ್ಜಿ, ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.
* ಇನ್ನೂ ಉಳಿದರೆ ಸರ್ಜಿಕಲ್ ಸ್ಪಿರಿಟ್. ಮನೆಯಲ್ಲಿ ಉಳಿದಿರುವ ಆಲ್ಕೋಹಾಲ್ ಸ್ಯಾನಿಟೈಜರ್ ಕೂಡ ಆಗುತ್ತದೆ. ಕಲೆಯ ಕೆಳಗೆ ಹಳೆ ಬಿಳಿ ಬಟ್ಟೆ ಇಟ್ಟು ಮೇಲಿನಿಂದ ಒತ್ತಿ. ಕರಗಿದ ರಾಳ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಕೆಳಗಿನ ಬಟ್ಟೆಯ ಜಾಗ ಬದಲಿಸುತ್ತಾ ಹೋಗಿ.

ಮಾವಿನ ಸೊನೆಗೂ ಇದೇ ಕ್ರಮ, ಐಸ್ ಬೇಕಿಲ್ಲ. ಆದರೆ ಮಾವಿನ ಸೊನೆ ಚರ್ಮ ಸುಡುತ್ತದೆ. ಸೊನೆ ಸಿಡಿದ ಅಂಗಿಯನ್ನು ಬೇಗ ಕಳಚಿ, ಮೈಗೆ ಸಾಬೂನು ಹಚ್ಚಿ ತೊಳೆದುಕೊಳ್ಳಿ.

ಪಪ್ಪಾಯಿ ಹಾಲು ಬೇರೆ ತರಹ. ಅದರಲ್ಲಿ ಪ್ರೋಟೀನ್ ಹೆಚ್ಚು, ಬಿಸಿನೀರು ಹಾಕಿದರೆ ಹೆಪ್ಪುಗಟ್ಟಿ ಕೂರುತ್ತದೆ. ಹಸಿಯಿದ್ದಾಗಲೇ ತಣ್ಣೀರಿನಲ್ಲಿ ತೊಳೆದು ಆಮೇಲೆ ಡಿಟರ್ಜೆಂಟ್ ಹಾಕಿ.

ಇಳಕಲ್ ಸೀರೆ, ಖಣ, ರೇಷ್ಮೆ ಇದ್ದರೆ

ರಬಕವಿ-ಬನಹಟ್ಟಿ ಅಂದರೆ ಮಗ್ಗದ ಊರು. ನಮ್ಮ ಮನೆಗಳಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇಲ್ಲದ ಪೆಟ್ಟಿಗೆ ಇಲ್ಲ. ಹಬ್ಬದ ದಿನ ಬಾಳೆಕಂಬ ಕಟ್ಟುವಾಗ, ಬಾಳೆಎಲೆ ಕೊಯ್ಯುವಾಗ ರಸ ಬೀಳುವುದು ಇಂಥ ಬಟ್ಟೆಯ ಮೇಲೆಯೇ.

ಇಳಕಲ್ ಸೀರೆಯಲ್ಲಿ ಹತ್ತಿ, ರೇಷ್ಮೆ, ಆರ್ಟ್ ಸಿಲ್ಕ್ ಮೂರೂ ಬಗೆಯ ನೂಲು ಬಳಕೆಯಲ್ಲಿವೆ. ಒಂದೇ ಸೀರೆಯ ಒಡಲು ಒಂದು ನೂಲು, ಸೆರಗು ಇನ್ನೊಂದು ನೂಲು ಆಗಿರಬಹುದು. ಹತ್ತಿಗೆ ನಡೆಯುವ ಮದ್ದು ರೇಷ್ಮೆಗೆ ನಡೆಯುವುದಿಲ್ಲ. ಆರ್ಟ್ ಸಿಲ್ಕ್ ಹಸಿಯಾದಾಗ ಬಲ ಕಳೆದುಕೊಳ್ಳುತ್ತದೆ, ತಿಕ್ಕಿದರೆ ಎಳೆ ಹರಿಯುತ್ತದೆ. ಕೆಂಪು ಸೆರಗಿನ ಬಣ್ಣ ಒಡಲಿಗೆ ಇಳಿದರೆ ಕಲೆಗಿಂತ ದೊಡ್ಡ ನಷ್ಟ.

ಆದ್ದರಿಂದ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಒಳತುದಿಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಸೀರೆ ನೆನೆಸಲೇಬೇಡಿ. ಕಲೆಯ ಜಾಗವನ್ನಷ್ಟೇ ತಣ್ಣೀರಿನ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ರೇಷ್ಮೆಗೆ ಕ್ಲೋರಿನ್ ಬ್ಲೀಚ್, ಆಕ್ಸಿಜನ್ ಪುಡಿ, ವಾಷಿಂಗ್ ಸೋಡಾ ಯಾವುದೂ ಬೇಡ. ಅದೇ ದಿನ ಡ್ರೈ ಕ್ಲೀನಿಂಗ್‌ಗೆ ಕೊಡಿ. ಕೊಡುವಾಗ "ಬಾಳಿ ಕಲಿ" ಅಂತ ಬಾಯಿಬಿಟ್ಟು ಹೇಳಿ. ಯಾವ ಕಲೆ ಅಂತ ಗೊತ್ತಾದರೆ ಅವರ ಕೆಲಸ ಅರ್ಧ ಮುಗಿದಂತೆ.

ಇವನ್ನು ಮಾತ್ರ ಮಾಡಬೇಡಿ

* ಪೆಟ್ರೋಲ್, ಡೀಸೆಲ್ ಬೇಡ. ಪೆಟ್ರೋಲ್ ಆವಿ ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಗೂ ಹತ್ತಿಕೊಳ್ಳುತ್ತದೆ. ಸ್ಪಿರಿಟ್ ಬಳಸುವಾಗಲೂ ಬಯಲಲ್ಲಿ ಕುಳಿತು, ಬೀಡಿ-ಒಲೆಯಿಂದ ದೂರ ಇರಿ. ಬಟ್ಟೆ ತೊಳೆದು ಆರುವವರೆಗೆ ಇಸ್ತ್ರಿ ಮುಟ್ಟಿಸಬೇಡಿ.
* ಬ್ಲೀಚ್ ಜೊತೆ ಲಿಂಬಿ, ವಿನೆಗರ್, ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ, ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ಲಿಂಬಿ ಹಚ್ಚಿದ ಬಟ್ಟೆಯನ್ನು ಪೂರ್ತಿ ಜಾಲಾಡಿಸದೆ ಬ್ಲೀಚ್‌ಗೆ ಹಾಕಬೇಡಿ.
* ಔಷಧಿ ಸಿಂಪಡಿಸಿದ ಬಟ್ಟೆಯ ಜೊತೆ ಒಗೆಯಬೇಡಿ. ಅದನ್ನು ಯಾವಾಗಲೂ ಬೇರೆ ಬಕೆಟ್‌ನಲ್ಲಿ, ಬೇರೆಯಾಗಿ ಒಗೆಯಬೇಕು.
* ಕಳ್ಳಿ, ಎಕ್ಕೆಯ ಹಾಲು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಲಿಯ ಕಳ್ಳಿ ಕಡಿಯುವಾಗ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿನ ಕರಿಗುಡ್ಡೆಗೆ ಗಾಯವಾಗಿ ದೃಷ್ಟಿಗೇ ಕುತ್ತು ಬರಬಹುದು. ಹಾಲು ಹತ್ತಿದ ಅಂಗಿ ತೋಳಿನಿಂದ ಮುಖ ಒರೆಸಿಕೊಂಡರೂ ಸಾಕು. ಕಣ್ಣಿಗೆ ಬಿದ್ದರೆ ತಿಕ್ಕದೆ, ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಎಣ್ಣೆ, ಎದೆಹಾಲು ಏನೂ ಹಾಕಬೇಡಿ. ಇಲ್ಲಿ ಅಂಗಿಯ ಚಿಂತೆ ಆಮೇಲೆ.

ಕಲೆ ಬೀಳದಂತೆ ನೋಡಿಕೊಳ್ಳುವುದು

ಯೂರಿಯಾ ಚೀಲವನ್ನು ಚೆನ್ನಾಗಿ ತೊಳೆದು, ತಲೆ-ತೋಳಿಗೆ ರಂಧ್ರ ಮಾಡಿದರೆ ಪುಕ್ಕಟೆ ಏಪ್ರನ್. ಗೊನೆ ಹೊರುವವರ ಹೆಗಲಿಗೆ ಬರೀ ಟವೆಲ್ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಟ್ಟೆಯ ಸಿಂಬಿ ಕೊಡಿ. ಕಡಿದ ಗೊನೆಯ ದಿಂಡಿನಿಂದ ರಸ ಇಳಿಯುತ್ತಿರುತ್ತದೆ, ಕಡಿದ ತುದಿ ಮೈಯಿಂದ ಆಚೆ ಇರುವಂತೆ ಹಿಡಿಯಿರಿ. ಚಿಕ್ಕು ಕೀಳುವ ಮುಂಚೆ ಕೈಗೆ, ಕತ್ತರಿಗೆ ಎಣ್ಣೆ ಸವರಿಕೊಳ್ಳಿ. ತೋಟಕ್ಕೆ ಹೋಗುವಾಗ ಬುತ್ತಿಯ ಜೊತೆ ಎರಡು ಲಿಂಬಿಹಣ್ಣು, ಒಂದು ಬಾಟಲಿ ಹೆಚ್ಚಿನ ನೀರು ಇರಲಿ. ತೋಟದ ಮಾಲೀಕರು ಕಾರ್ಮಿಕರಿಗೆ ಇಷ್ಟು ಮಾಡಿಕೊಟ್ಟರೆ ಖರ್ಚು ಏನೂ ಇಲ್ಲ, ಮುಂದಿನ ಕೊಯ್ಲಿಗೆ ಕರೆದಾಗ ಖುಷಿಯಿಂದ ಬರುತ್ತಾರೆ.

ಬಟ್ಟೆಯ ಕಲೆಯೇ ಹಣ್ಣಿನ ಕಲೆ

ಅಂಗಿ ಕಪ್ಪು ಮಾಡುವ ರಸವೇ ಬಾಳೆಕಾಯಿ ಸಿಪ್ಪೆಯ ಮೇಲೆ ಒಣಗಿ ಕಪ್ಪು ಗೆರೆ ಬೀಳಿಸುತ್ತದೆ. ವ್ಯಾಪಾರಿ ಆ ಗೆರೆ ತೋರಿಸಿಯೇ ರೇಟು ಇಳಿಸುವುದು. ಪ್ಯಾಕಿಂಗ್ ಮಾಡುವ ಕಡೆ ಗೊನೆಯಿಂದ ಚಿಪ್ಪು ಬಿಡಿಸಿದ ತಕ್ಷಣ ನೀರಿನ ತೊಟ್ಟಿಗೆ ಹಾಕುತ್ತಾರೆ. ಆ ನೀರಿಗೆ ಆಲಂ, ಅಂದರೆ ಪಟಿಕ ಬೆರೆಸುವ ರೂಢಿಯೂ ಇದೆ. ಮಾವಿನ ಹಣ್ಣನ್ನು ತೊಟ್ಟು ಬಿಟ್ಟು ಕೊಯ್ದು, ಆಮೇಲೆ ತೊಟ್ಟು ಮುರಿದು ತಲೆಕೆಳಗಾಗಿ ಇಡುವುದೂ ಸೊನೆ ಸಿಪ್ಪೆಗೆ ತಾಗದಿರಲಿ ಅಂತಲೇ. ಬಟ್ಟೆಗಾಗಲಿ ಹಣ್ಣಿಗಾಗಲಿ ನಿಯಮ ಒಂದೇ: ಹಸಿಯಿದ್ದಾಗಲೇ ತೊಳೆ, ಒಣಗಲು ಬಿಡಬೇಡ. ಕೊಯ್ಲಿನ ನಂತರದ ನಿರ್ವಹಣೆ ಬಗ್ಗೆ ಹೆಚ್ಚು ತಿಳಿಯಬೇಕಿದ್ದರೆ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಹೋಗಿ ಕೇಳಿ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

* ಬಾಳೆ, ದಾಳಿಂಬೆ ಸಿಪ್ಪೆ: ತಕ್ಷಣ ತಣ್ಣೀರು, ಲಿಂಬಿ, ಆಮೇಲೆ ಡಿಟರ್ಜೆಂಟ್. ಹಳೆಯದಾದರೆ ಆಕ್ಸಿಜನ್ ಪುಡಿ. ಬಾರ್ ಸಾಬೂನು, ಸೋಡಾ, ತುಕ್ಕಿನ ಬಕೆಟ್ ಬೇಡ.
* ಬೇವು, ಜಾಲಿ, ನುಗ್ಗೆ: ಬೆಚ್ಚಗಿನ ನೀರಿನಲ್ಲಿ ನೆನೆಸಿ, ತಿಕ್ಕಬೇಡಿ.
* ಚಿಕ್ಕು, ಹಲಸು: ಐಸ್, ಕೆರೆಯುವುದು, ಎಣ್ಣೆ, ಪಾತ್ರೆ ಲಿಕ್ವಿಡ್, ಕೊನೆಗೆ ಸ್ಪಿರಿಟ್.
* ಮಾವು: ಎಣ್ಣೆ, ಪಾತ್ರೆ ಲಿಕ್ವಿಡ್, ಕೊನೆಗೆ ಸ್ಪಿರಿಟ್. ಮೈ ಕೂಡ ತೊಳೆದುಕೊಳ್ಳಿ.
* ಪಪ್ಪಾಯಿ: ತಣ್ಣೀರು ಮೊದಲು, ಬಿಸಿನೀರು ಬೇಡ.
* ಕಳ್ಳಿ, ಎಕ್ಕೆ: ಮೊದಲು ಕಣ್ಣು, ಆಮೇಲೆ ಬಟ್ಟೆ.
* ಎಲ್ಲಕ್ಕೂ: ಕಲೆ ಹೋಗುವವರೆಗೆ ಇಸ್ತ್ರಿ ಇಲ್ಲ.

ಈ ಪಟ್ಟಿಯನ್ನು ನಿಮ್ಮ ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಸಾಲದು, ಮನೆಯಲ್ಲಿ ಬಟ್ಟೆ ಒಗೆಯುವವರಿಗೂ ತೋರಿಸಿ. ಅದಕ್ಕಿಂತ ಒಳ್ಳೆಯದು, ನಿಮ್ಮ ಹೊಲದ ಅಂಗಿಯನ್ನು ನೀವೇ ಹಸಿಯಿದ್ದಾಗ ಒಮ್ಮೆ ಜಾಲಾಡಿಸಿ ಕೊಡಿ. ಯಾವ ಗಿಡದ ರಸ ಬಿದ್ದಿದೆ ಅಂತ ಗೊತ್ತಿರುವುದು ನಿಮಗೇ ಅಲ್ಲವೇ?